ದಾರಿಗರಿಗೆ ಮನೆಯನ್ನು ಬಾಡಿಗೆಗೆ ಕೊಡುವ ವಿಷಯ

ಓದತಕ್ಕ ಭಾಗಗಳು: ಲೂಕ 10:25-37; ಅಪೊಸ್ತಲರ ಕೃತ್ಯಗಳು 9:43 ರಿಂದ 10:48; ಇಬ್ರಿಯರಿಗೆ 13:1-3



ಇಬ್ರಿಯರಿಗೆ ಬರೆದ ಪತ್ರಿಕೆಯ ಕಡೆಯ ಅಧ್ಯಾಯದಲ್ಲಿ ಅದನ್ನು ಬರೆದ ದೇವಸೇವಕನು ಮೊದಲು ಸಹೋದರಪ್ರೀತಿಯನ್ನು ಹೇಳಿ, ಅದರ ಬೆನ್ನಿಗೇ ಅತಿಥಿಸತ್ಕಾರವನ್ನು ಮರೆಯಬಾರದೆಂದು ಎಚ್ಚರಿಸುತ್ತಾನೆ. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿರುವ ಶಬ್ದಕ್ಕೆ ಪರಸ್ಥಳದವನ ಮೇಲಣ ಪ್ರೀತಿ ಎಂಬ ಅರ್ಥವುಂಟು. ನಮ್ಮ ಹಿರಿಯರಾದರೋ ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನೆಂದು ಅರ್ಥ ಹೇಳುತ್ತಾರೆ. ನೆಂಟರು ಬಂದರೆ ಉಪಚರಿಸುವದು ಎಲ್ಲರಿಗೂ ಬರುತ್ತದೆ. ಗುರುತಿಲ್ಲದವನು ಹೊಸ್ತಿಲ ಮುಂದೆ ನಿಂತಾಗ ನಾವು ಏನು ಮಾಡುತ್ತೇವೆಂಬದನ್ನೇ ದೇವರ ವಾಕ್ಯವು ಇಲ್ಲಿ ವಿಚಾರಿಸುತ್ತದೆ.

ಈ ಮಾತನ್ನು ನಾವು ಈ ಸಾರಿ ದಿನಬಳಕೆಯ ಒಂದು ವಿಷಯಕ್ಕೆ ಹಚ್ಚಿ ನೋಡುವೆವು. ಅದು ಯಾವದೆಂದರೆ, ದಾರಿಗರಿಗೆ ಮನೆಯನ್ನಾಗಲಿ ಮನೆಯ ಒಂದು ಕೋಣೆಯನ್ನಾಗಲಿ ಬಾಡಿಗೆಗೆ ಕೊಡುವದು. ಕೊಡಗು, ಚಿಕ್ಕಮಗಳೂರು ಸೀಮೆಗಳಲ್ಲಿ ಇದು ಅನೇಕ ಮನೆತನಗಳ ಜೀವನೋಪಾಯವಾಗಿದೆ. ಹೋಮ್‌ಸ್ಟೇ ಎಂಬ ಹೆಸರು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆಯಲ್ಲಿಯೂ ದಾರಿಗರು ಇಲ್ಲವೆಂದು ಹೇಳಲಾಗದು. ಹಾನಗಲ್ಲಿಗೆ ತಾರಕೇಶ್ವರನ ಗುಡಿಯ ಕಲ್ಲುಕೆಲಸವನ್ನು ನೋಡಲು ಜನರು ಬರುತ್ತಾರೆ. ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ನವಿಲುಗಳನ್ನೂ ಹಳೆಯ ಕೋಟೆಯನ್ನೂ ನೋಡಲು, ಬಾಡಕ್ಕೆ ಕನಕದಾಸರ ಹುಟ್ಟೂರೆಂದು, ಶಿಶುವಿನಹಾಳಕ್ಕೆ ಶರೀಫ ಸಾಹೇಬರ ಗದ್ದುಗೆಯೆಂದು ಬರುವವರುಂಟು. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯಕ್ಕೆ ದೂರದ ವಿದ್ಯಾರ್ಥಿಗಳು ಬರುತ್ತಾರೆ. ಸವಣೂರಿಗೆ ನವಾಬರ ಕಾಲದ ಕಟ್ಟಡಗಳಿಗಾಗಿಯೂ ದೊಡ್ಡಹುಣಸೆಯ ಮರಗಳಿಗಾಗಿಯೂ, ಹಿರೇಕೆರೂರ ಸೀಮೆಯ ಅಬಲೂರಿಗೆ ಸರ್ವಜ್ಞನ ಹೆಸರಿಗಾಗಿಯೂ ಬರುತ್ತಾರೆ. ಇವರಲ್ಲದೆ ವರ್ಗವಾಗಿ ಬರುವ ಮಾಸ್ತರರು, ದಾದಿಯರು, ಬಸ್ಸಿನ ಕೆಲಸದವರು, ಸುಗ್ಗಿಯ ಕಾಲದ ಕೂಲಿಯವರು ಉಂಟು. ಇವರೆಲ್ಲರೂ ಸಾಯಂಕಾಲವಾದಾಗ ಕೇಳುವ ಮಾತು ಒಂದೇ: ಇಳಿದುಕೊಳ್ಳಲು ಸ್ಥಳವುಂಟೋ?

ಈ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಬರುವ ಉತ್ತರಗಳು ನಾಲ್ಕು ವಿಧವಾಗಿವೆ. ಕೆಲವರು, ಮನೆಗೆ ಬಂದವನಿಂದ ಹಣ ತೆಗೆದುಕೊಳ್ಳುವದು ಮರ್ಯಾದೆಯಲ್ಲವೆನ್ನುತ್ತಾರೆ. ಕೆಲವರು, ಕಾಲ ಕೆಟ್ಟದ್ದು, ಯಾರನ್ನೂ ಒಳಗೆ ಬಿಡಬಾರದೆನ್ನುತ್ತಾರೆ. ಕೆಲವರು, ನೀವು ಯಾವ ಪೈಕಿಯೆಂದು ಮೊದಲು ಕೇಳಿ, ಅನಂತರ ಕೋಣೆಯುಂಟೋ ಇಲ್ಲವೋ ಎಂಬದನ್ನು ಹೇಳುತ್ತಾರೆ. ಇನ್ನು ಕೆಲವರು ಹೆಚ್ಚು ಹಣ ಬರುವದಾದರೆ ಯಾರಿಗಾದರೂ ಏನನ್ನಾದರೂ ಕೊಡಲು ಸಿದ್ಧರಾಗಿದ್ದಾರೆ. ಈ ನಾಲ್ಕನ್ನೂ ಸತ್ಯವೇದದ ಬೆಳಕಿನಲ್ಲಿ ಕ್ರಮವಾಗಿ ನೋಡೋಣ.

ಮೊದಲನೆಯದಾಗಿ, ಬಾಡಿಗೆ ತೆಗೆದುಕೊಳ್ಳುವದು ಪಾಪವೋ?

ಅನ್ನವನ್ನೂ ನೆರಳನ್ನೂ ಮಾರಬಾರದೆಂಬ ಭಾವನೆಯು ನಮ್ಮ ದೇಶದಲ್ಲಿ ಬಹು ಹಳೆಯದು. ಇದಕ್ಕಾಗಿಯೇ ಪೂರ್ವಿಕರು ಧರ್ಮಶಾಲೆಗಳನ್ನೂ ಛತ್ರಗಳನ್ನೂ ಮುಸಾಫಿರಖಾನೆಗಳನ್ನೂ ಕಟ್ಟಿಸಿದರು. ಇದು ಗೌರವಕ್ಕೆ ತಕ್ಕ ಭಾವನೆ. ನಾವು ಇದನ್ನು ಹಗುರವಾಗಿ ಕಾಣಬಾರದು. ಯೆರೂಸಲೇಮಿನಲ್ಲಿಯೂ ಇಂಥ ಭಾವನೆಯಿತ್ತು. ಆ ಪಟ್ಟಣವು ಇಸ್ರಾಯೇಲಿನ ಎಲ್ಲಾ ಕುಲಗಳಿಗೂ ಸೇರಿದ್ದಾದದರಿಂದ ಹಬ್ಬಕ್ಕೆ ಬಂದ ಯಾತ್ರಿಕರಿಂದ ಮನೆಯ ಬಾಡಿಗೆ ತೆಗೆದುಕೊಳ್ಳಬಾರದೆಂದು ಯೆಹೂದ್ಯ ಪಂಡಿತರು ಬರೆದಿಟ್ಟಿದ್ದಾರೆ. ಆದರೂ ಯಾತ್ರಿಕನು ಹೊರಡುವಾಗ ತನ್ನ ಬಲಿಪಶುವಿನ ತೊಗಲನ್ನು ಮನೆಯವನಿಗೆ ಬಿಟ್ಟುಹೋಗುವ ವಾಡಿಕೆಯಿತ್ತೆಂದೂ ಅವರೇ ಹೇಳುತ್ತಾರೆ. ಅಂದರೆ ಬಾಡಿಗೆಯೆಂಬ ಹೆಸರಿಲ್ಲದಿದ್ದರೂ ಮನೆಯವನ ಶ್ರಮಕ್ಕೆ ಪ್ರತಿಫಲವು ಸಿಕ್ಕುತ್ತಿತ್ತು.

ನಮ್ಮ ಕರ್ತನಾದ ಯೇಸು ಸ್ವಾಮಿಯು ಹೇಳಿದ ಸಮಾರ್ಯದವನ ಸಾಮ್ಯದಲ್ಲಿ ಈ ವಿಷಯವು ಇನ್ನೂ ಸ್ಪಷ್ಟವಾಗಿದೆ. ಗಾಯಪಟ್ಟವನನ್ನು ಛತ್ರಕ್ಕೆ ಕರಕೊಂಡು ಬಂದ ಸಮಾರ್ಯದವನು ಮರುದಿನ ಛತ್ರದವನ ಕೈಗೆ ಎರಡು ಹಣ ಕೊಟ್ಟನು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಪ್ರಕಾರ ಅಂಥ ಒಂದು ಹಣವು ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಎರಡು ದಿನದ ಕೂಲಿಯನ್ನು ಎಣಿಸಿಕೊಟ್ಟು, ಹೆಚ್ಚು ವೆಚ್ಚವಾದರೆ ತಿರುಗಿ ಬರುವಾಗ ಕೊಡುವೆನೆಂದು ಲೆಕ್ಕವನ್ನೂ ಹೇಳಿಹೋದನು. ಛತ್ರದವನು ಆ ಹಣವನ್ನು ತೆಗೆದುಕೊಂಡನು. ಕರ್ತನು ಇದಕ್ಕಾಗಿ ಅವನನ್ನು ನಿಂದಿಸಲಿಲ್ಲ. ಯಾಜಕನನ್ನೂ ಲೇವಿಯನನ್ನೂ ನಾಚಿಕೆಪಡಿಸಿದ ಆ ಕಥೆಯಲ್ಲಿ ಬಾಡಿಗೆ ತೆಗೆದುಕೊಂಡವನ ಮೇಲೆ ಒಂದು ಆಕ್ಷೇಪಣೆಯೂ ಇಲ್ಲ. ಇದಲ್ಲದೆ ಅಪೊಸ್ತಲನಾದ ಪೌಲನು ರೋಮಾಪುರದಲ್ಲಿ ಎರಡು ವರುಷ ತನ್ನ ಬಾಡಿಗೆಯ ಮನೆಯಲ್ಲಿದ್ದು, ಬಂದವರೆಲ್ಲರನ್ನು ಅಲ್ಲಿಯೇ ಸೇರಿಸಿಕೊಂಡು ಬೋಧಿಸಿದನೆಂದು ಅಪೊಸ್ತಲರ ಕೃತ್ಯಗಳ ಕಡೆಯ ವಚನಗಳಲ್ಲಿ ಓದುತ್ತೇವೆ. ಆ ಮನೆಯ ಯಜಮಾನನು ಯಾರೋ ನಮಗೆ ಗೊತ್ತಿಲ್ಲ. ಒಬ್ಬ ಕೈದಿಗೆ, ಕಾವಲಿನ ಸಿಪಾಯಿಯ ಸಂಗಡ, ಪರದೇಶಿಯಾದವನಿಗೆ ಅವನು ಮನೆಯನ್ನು ಬಾಡಿಗೆಗೆ ಕೊಟ್ಟನು. ಆ ಬಾಡಿಗೆಯ ಗೋಡೆಗಳೊಳಗಿಂದ ಸುವಾರ್ತೆಯು ರೋಮಾಪುರದಲ್ಲಿ ಸಾರಲ್ಪಟ್ಟಿತು.

ಆದಕಾರಣ ಹಿತ್ತಲಿನ ಒಂದು ಕೋಣೆಯುಳ್ಳ ಬಡ ವಿಧವೆಯು ಅದನ್ನು ಗುಡಿಸಿ ಸಾರಿಸಿ, ದಾರಿಗನಿಗೆ ಕೊಟ್ಟು, ಎರಡು ರೊಟ್ಟಿ ಬಡಿದು ಹಾಕಿ, ನ್ಯಾಯವಾದ ಹಣವನ್ನು ತೆಗೆದುಕೊಂಡರೆ ಅದು ಪಾಪವಲ್ಲ. ಅದು ಅವಳ ಕೈಕೆಲಸದ ಫಲ. ಉಚಿತವಾಗಿ ಇಳಿಸಿಕೊಳ್ಳುವ ಶಕ್ತಿ ಉಳ್ಳವರು ಹಾಗೆ ಮಾಡಲಿ. ಶಕ್ತಿಯಿಲ್ಲದವರು ಹಾಸಿಗೆ ಇದ್ದಷ್ಟು ಕಾಲು ಚಾಚಲಿ. ಹಣವನ್ನು ತೆಗೆದುಕೊಳ್ಳದೆ ಗೊಣಗುವವರಿಗಿಂತ ಹಣವನ್ನು ತೆಗೆದುಕೊಂಡು ನಗುಮುಖದಿಂದ ಉಪಚರಿಸುವವರೇ ಮೇಲು. ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಅತಿಥಿಸತ್ಕಾರದ ವಿಷಯದಲ್ಲಿ ನಿಷೇಧಿಸಿದ್ದು ಗೊಣಗುಟ್ಟುವಿಕೆಯನ್ನೇ.

ಎರಡನೆಯದಾಗಿ, ಭಯದ ವಿಷಯ.

ಅಪರಿಚಿತರನ್ನು ಮನೆಯೊಳಗೆ ಬಿಡುವದಕ್ಕೆ ಅಂಜುವವರನ್ನು ನಾವು ಹಾಸ್ಯಮಾಡುವದಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಮುದುಕರಿದ್ದಾರೆ, ಕಷ್ಟಪಟ್ಟು ಕೂಡಿಸಿದ ನಾಲ್ಕು ಸಾಮಾನುಗಳಿವೆ. ಅಪಾಯವು ದಾರಿಗನಿಗೂ ಉಂಟು. 2025ನೆಯ ಮಾರ್ಚ್ 6ರ ರಾತ್ರಿ ನಮ್ಮ ನಾಡಿನಲ್ಲಿಯೇ, ಕೊಪ್ಪಳ ಜಿಲ್ಲೆಯ ಸಣಾಪುರದ ಕಾಲುವೆಯ ಹತ್ತಿರ, ಹೋಮ್‌ಸ್ಟೇ ನಡೆಸುವ ಒಬ್ಬ ಹೆಂಗಸಿನ ಮೇಲೆಯೂ ಅವಳ ಅತಿಥಿಗಳ ಮೇಲೆಯೂ ದುಷ್ಟರು ಬಿದ್ದು ಹೇಳಬಾರದ ಹಿಂಸೆಯನ್ನು ಮಾಡಿದರು. ನೀರಿಗೆ ತಳ್ಳಲ್ಪಟ್ಟ ಅತಿಥಿಗಳಲ್ಲಿ ಒಬ್ಬನು ಸತ್ತನು. ಅಲ್ಲಿ ಮನೆಯವಳೂ ದಾರಿಗರೂ ಒಟ್ಟಾಗಿ ಹಿಂಸೆಗೆ ಗುರಿಯಾದರೆಂಬದನ್ನು ಮರೆಯಬಾರದು. ಇಂಥ ಸುದ್ದಿಯನ್ನು ಕೇಳಿದವರು ಬಾಗಿಲಿಗೆ ಅಗಳಿ ಹಾಕಿದರೆ ಆಶ್ಚರ್ಯವೇನು?

ಸತ್ಯವೇದವೂ ಈ ಅಪಾಯವನ್ನು ಮುಚ್ಚಿಡುವದಿಲ್ಲ. ನ್ಯಾಯಸ್ಥಾಪಕರ ಪುಸ್ತಕದ 19ನೆಯ ಅಧ್ಯಾಯದಲ್ಲಿ ಗಿಬೆಯವೆಂಬ ಊರಿನ ಘೋರವಾದ ಚರಿತ್ರೆಯುಂಟು. ಹೊತ್ತು ಮುಳುಗಿದ ಮೇಲೆ ಬಂದ ದಾರಿಗರನ್ನು ಊರಿನವರಲ್ಲಿ ಒಬ್ಬನೂ ಸೇರಿಸಿಕೊಳ್ಳಲಿಲ್ಲ. ಬೇರೆ ಸೀಮೆಯಿಂದ ಬಂದು ಅಲ್ಲಿ ವಾಸವಾಗಿದ್ದ ಒಬ್ಬ ಮುದುಕನೇ ಹೊಲದ ಕೆಲಸ ಮುಗಿಸಿ ಬರುವಾಗ ಅವರನ್ನು ಕಂಡು ಮನೆಗೆ ಕರೆದನು. ಆದರೆ ರಾತ್ರಿಯಲ್ಲಿ ದುಷ್ಟರು ಮನೆಯನ್ನು ಸುತ್ತಿಕೊಂಡಾಗ ಒಳಗಿದ್ದ ಗಂಡಸರು ತಮ್ಮ ಜೀವವನ್ನು ಉಳಿಸಿಕೊಳ್ಳುವದಕ್ಕಾಗಿ ದಿಕ್ಕಿಲ್ಲದ ಹೆಣ್ಣನ್ನು ಹೊರಗೆ ನೂಕಿದರು. ಬೆಳಗಾದಾಗ ಆಕೆಯು ಹೊಸ್ತಿಲ ಮೇಲೆ ಕೈಚಾಚಿ ಬಿದ್ದಿದ್ದಳು. ಬಾಗಿಲನ್ನು ತೆರೆದ ಮಾತ್ರಕ್ಕೆ ಮನೆಯವನ ಕರ್ತವ್ಯವು ತೀರಲಿಲ್ಲವೆಂಬದನ್ನು ಈ ಚರಿತ್ರೆಯಿಂದ ಕಲಿಯತಕ್ಕದ್ದು. ನೆರಳು ಕೊಟ್ಟವನು ಕಾಪಾಡುವ ಭಾರವನ್ನೂ ಹೊತ್ತಿದ್ದಾನೆ. ಬಂದವರನ್ನೂ ಕಾಪಾಡಬೇಕು, ಮನೆಯ ಹೆಣ್ಣುಮಕ್ಕಳನ್ನೂ ಕಾಪಾಡಬೇಕು.

ಹಾಗಾದರೆ ಮಾಡತಕ್ಕದ್ದೇನು? ಆದಿ ಸಭೆಯವರು ಭಯಕ್ಕೆ ಮದ್ದಾಗಿ ಕ್ರಮವನ್ನು ಇಟ್ಟುಕೊಂಡರು. ಅಪೊಸ್ತಲರ ಕಾಲಕ್ಕೆ ಸಮೀಪವಾದ ದಿದಖೆಯೆಂಬ ಒಂದು ಚಿಕ್ಕ ಉಪದೇಶಗ್ರಂಥವು 1873ರಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ದೊರಕಿತು. ಕರ್ತನ ಹೆಸರಿನಲ್ಲಿ ಬಂದವನನ್ನು ಸೇರಿಸಿಕೊಳ್ಳಬೇಕು, ಆಮೇಲೆ ಪರೀಕ್ಷಿಸಿ ತಿಳಿದುಕೊಳ್ಳಬೇಕು, ದಾರಿಗನಾದರೆ ಎರಡು ಅಥವಾ ಮೂರು ದಿನ ಇಳಿದಿರಲಿ, ನೆಲೆಯಾಗಿ ನಿಲ್ಲುವವನಾದರೆ ಕೆಲಸ ಮಾಡಿ ಉಣ್ಣಲಿ ಎಂಬ ಅಭಿಪ್ರಾಯವು ಅದರಲ್ಲಿದೆ. ನೋಡಿರಿ, ಮೋಸಗಾರರು ಆ ಕಾಲದಲ್ಲಿಯೂ ಇದ್ದರು. ಆದರೂ ಸಭೆಯವರು ಕದವನ್ನು ಮುಚ್ಚಲಿಲ್ಲ.

ಈಗಲೂ ಅಂಥ ಕ್ರಮವುಂಟು. ಮನೆಯನ್ನು ಹೋಮ್‌ಸ್ಟೇಯಾಗಿ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ಅದನ್ನು ನೋಂದಾಯಿಸಬೇಕು. ಪರದೇಶದವರು ಬಂದು ಇಳಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಬಂದವನ ಹೆಸರು, ಊರು, ಗುರುತಿನ ಚೀಟಿ, ಬಂದ ಕೆಲಸ, ಹೋಗುವ ದಿನ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೋಣೆಗೆ ಒಳಗಿನಿಂದ ಭದ್ರವಾದ ಅಗಳಿ ಇರಬೇಕು. ಒಬ್ಬಂಟಿಯಾದ ಹೆಂಗಸು ಬಾಡಿಗೆಗೆ ಕೊಡುವದಾದರೆ ನೆರೆಮನೆಯವರಿಗೂ ಸಭೆಯ ಹಿರಿಯರಿಗೂ ತಿಳಿಸಿಯೇ ಕೊಡಲಿ. ಮನಸ್ಸಿಗೆ ಸಂಶಯ ಬಂದಾಗ, ಕ್ಷಮಿಸಿರಿ, ಈ ರಾತ್ರಿ ಅನುಕೂಲವಿಲ್ಲವೆಂದು ಮರ್ಯಾದೆಯಿಂದ ಹೇಳಿ, ಬೇರೆ ಸ್ಥಳವನ್ನು ತೋರಿಸಿ ಕಳುಹಿಸುವ ಅಧಿಕಾರವು ಅವಳಿಗುಂಟು. ಇವೆಲ್ಲಾ ಬುದ್ಧಿವಂತಿಕೆಯ ಕಾರ್ಯಗಳು, ಪ್ರೀತಿಗೆ ವಿರೋಧವಾದವುಗಳಲ್ಲ.

ಮೂರನೆಯದಾಗಿ, ಕುಲವನ್ನು ಕೇಳುವ ವಿಷಯ. ಪ್ರಿಯರೇ, ಈ ಪ್ರಸಂಗದ ಮುಖ್ಯವಾದ ಮಾತು ಇದೇ.

ಹೆಸರು ಕೇಳುವದು ಕ್ರಮ. ಹೆಸರಿನ ಬಾಲವನ್ನು ಹಿಡಿದು ಕುಲವನ್ನು ಹೊರಗೆಳೆಯುವದು ಬೇರೆ. ಚೀಟಿಯನ್ನು ನೋಡುವ ಕಣ್ಣು ಮನುಷ್ಯನು ಕಳ್ಳನೋ ಸಾಧುವೋ ಎಂದು ನೋಡಬೇಕಾಗಿರಲು, ಅವನು ಯಾವ ಕೇರಿಯವನೆಂದು ಹುಡುಕುತ್ತದೆ. ಈ ರೋಗವು ನಮ್ಮ ದೇಶದಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. 2008ರಲ್ಲಿ ಅಮೇರಿಕದ ಸಾನ್ ಫ್ರಾನ್ಸಿಸ್ಕೊ ಪಟ್ಟಣದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಎಂಬ ಸಂಸ್ಥೆಯ ಮೂಲಕ ಈಗ ಲೋಕದ ಎಲ್ಲಾ ಕಡೆಗಳಲ್ಲಿ ಜನರು ತಮ್ಮ ಕೋಣೆಗಳನ್ನು ದಾರಿಗರಿಗೆ ಕೊಡುತ್ತಾರೆ. ಅಮೇರಿಕದ ಪಂಡಿತರು ಐದು ಪಟ್ಟಣಗಳ ಮನೆಯವರಿಗೆ ಒಂದೇ ವಿಧವಾದ ಬೇಡಿಕೆಗಳನ್ನು ಬೇರೆ ಬೇರೆ ಹೆಸರುಗಳಿಂದ ಕಳುಹಿಸಿ ನೋಡಿದರು. ಕರಿಯ ಜನರಲ್ಲಿ ರೂಢಿಯಾದ ಹೆಸರಿನಿಂದ ಕೇಳಿದವರಿಗೆ, ಬಿಳಿಯರ ಹೆಸರಿನಿಂದ ಕೇಳಿದವರಿಗಿಂತ ನೂರಕ್ಕೆ 16ರಷ್ಟು ಕಡಿಮೆಯಾಗಿ ಸ್ಥಳ ಸಿಕ್ಕಿತೆಂದು 2017ರಲ್ಲಿ ಪ್ರಕಟಿಸಿದರು. ಹಣವು ಒಂದೇ, ಬೇಡಿಕೆಯು ಒಂದೇ. ಹೆಸರು ಮಾತ್ರ ಬಾಗಿಲನ್ನು ಮುಚ್ಚಿತು.

ನಮ್ಮ ಸೀಮೆಯ ಜನರಿಗೆ ಇದು ಹೊಸ ಸಂಗತಿಯಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ದಾರಿ ನಡೆದು ಉಡುಪಿಗೆ ಹೋದಾಗ ಕುಲದ ನಿಮಿತ್ತವಾಗಿ ಅವರನ್ನು ಗುಡಿಯೊಳಗೆ ಬಿಡಲಿಲ್ಲವೆಂಬ ಕಥೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು, 1819ರಿಂದ 1889ರ ವರೆಗೆ ಬಾಳಿದವರು, ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರು ಅವರನ್ನು ಶಿಷ್ಯನಾಗಿ ಹತ್ತಿರಕ್ಕೆ ತೆಗೆದುಕೊಂಡರು. ಒಂದೇ ಸೀಮೆಯಲ್ಲಿ ಜನರು ಮುಚ್ಚಿದ ಬಾಗಿಲನ್ನೂ ತೆರೆದ ಬಾಗಿಲನ್ನೂ ಇಷ್ಟು ಕಾಲ ನೆನಪಿನಲ್ಲಿಟ್ಟುಕೊಂಡಿದ್ದಾರೆ. ನಮ್ಮ ಬಾಗಿಲನ್ನು ಕುರಿತು ನಮ್ಮ ಮೊಮ್ಮಕ್ಕಳು ಯಾವ ಕಥೆಯನ್ನು ಹೇಳುವರು?

ಈಗ ನಾವು ಹೇಳಲಿರುವ ಸಂಗತಿಯು ಕ್ರೈಸ್ತರ ಮನೆಗೇ ಸಂಬಂಧಪಟ್ಟದ್ದು. ಆದಕಾರಣ ಚೆನ್ನಾಗಿ ಕೇಳಿರಿ. 1917ರಲ್ಲಿ ಡಾಕ್ಟರ ಭೀಮರಾವ ಅಂಬೇಡಕರರು ಅಮೇರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಓದಿ ಹಿಂದಿರುಗಿ, ಬಡೋದೆಯ ಮಹಾರಾಜರ ಕೆಲಸಕ್ಕೆ ಸೇರಲು ಆ ಪಟ್ಟಣಕ್ಕೆ ಬಂದರು. ಅವರು ಅಸ್ಪೃಶ್ಯರೆನಿಸಿಕೊಂಡ ಕುಲದವರಾದದರಿಂದ ಇಳಿದುಕೊಳ್ಳಲು ಸ್ಥಳವು ಸಿಕ್ಕಲಿಲ್ಲ. ಕಡೆಗೆ ಪಾರ್ಸಿ ಜನರ ಒಂದು ವಸತಿಗೃಹದಲ್ಲಿ, ಪಾರ್ಸಿ ಹೆಸರಿನಿಂದ, ಬಾಡಿಗೆ ಕೊಟ್ಟು ಇದ್ದರು. ಹನ್ನೊಂದನೆಯ ದಿನ ಹತ್ತಾರು ಮಂದಿ ಕೋಲುಗಳನ್ನು ಹಿಡಿದು ಬಂದು, ಸಾಯಂಕಾಲದೊಳಗೆ ಹೊರಟುಹೋಗಬೇಕೆಂದು ಬೆದರಿಸಿದರು. ಆಗ ಅವರು ಇಬ್ಬರು ಸ್ನೇಹಿತರ ಆಶ್ರಯವನ್ನು ಕೇಳಿದರು. ಒಬ್ಬನು ಹಿಂದು, ನೀವು ಬಂದರೆ ನನ್ನ ಮನೆಯ ಆಳುಗಳು ಬಿಟ್ಟುಹೋಗುವರೆಂದು ಹೇಳಿದನು. ಇನ್ನೊಬ್ಬನು ಕ್ರೈಸ್ತನು, ನಾಳೆ ನನ್ನ ಹೆಂಡತಿ ಬರುತ್ತಾಳೆ, ಅವಳನ್ನು ಕೇಳಬೇಕೆಂದು ಹೇಳಿದನು. ಆ ದಂಪತಿಗಳು ಬ್ರಾಹ್ಮಣ ಮನೆತನದಿಂದ ಸಭೆಗೆ ಬಂದವರು. ಹೆಂಡತಿಯು ಹಿಂದಿನ ಮಡಿಯನ್ನು ಬಿಟ್ಟಿರಲಿಲ್ಲವೆಂದು ಅಂಬೇಡಕರರಿಗೆ ಆಮೇಲೆ ತಿಳಿಯಿತು. ಅವರು ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ಗಾಡಿಯಿಂದ ಮುಂಬಯಿಗೆ ಹಿಂದಿರುಗಿದರು. ಇದನ್ನು ಅವರು ತಾವೇ ಬರೆದಿಟ್ಟಿದ್ದಾರೆ.

ಅದೇ ಅಂಬೇಡಕರರು ಮುಂದೆ ಈ ದೇಶದ ರಾಜ್ಯಾಂಗವನ್ನು ರಚಿಸುವ ಸಮಿತಿಗೆ ಅಧ್ಯಕ್ಷರಾದರು. ಆ ಸಾಯಂಕಾಲ ಬಡೋದೆಯಲ್ಲಿ ಒಬ್ಬ ಕ್ರೈಸ್ತನ ಹೊಸ್ತಿಲ ಬಳಿಯಲ್ಲಿ ಎಂಥ ಅತಿಥಿಯು ನಿಂತಿದ್ದನು! ಆದರೆ ಅವರು ದೊಡ್ಡವರಾದದರಿಂದ ಅದು ತಪ್ಪಾಯಿತೆಂದು ತಿಳಿಯಬೇಡಿರಿ. ಹೆಸರೇ ಇಲ್ಲದ ಒಬ್ಬ ಕೂಲಿಯವನು ನಿಂತಿದ್ದರೂ ತಪ್ಪು ಅಷ್ಟೇ ದೊಡ್ಡದು. ಆ ಮನೆಯವರು ಸ್ನಾನದೀಕ್ಷೆಯನ್ನು ಹೊಂದಿದ್ದರು, ಹಾಡುಗಳನ್ನು ಹಾಡಿದ್ದರು, ಕರ್ತನ ಮೇಜಿನ ಬಳಿಗೆ ಬಂದಿದ್ದರು. ಆದರೆ ಅವರ ಬಾಗಿಲು ಇನ್ನೂ ಮನಸ್ಸು ತಿರುಗಿಸಿಕೊಂಡಿರಲಿಲ್ಲ.

ಯೊಪ್ಪ ಪಟ್ಟಣದಲ್ಲಿ ನಡೆದದ್ದನ್ನು ಇದರ ಸಂಗಡ ಹೋಲಿಸಿರಿ. ಅಲ್ಲಿ ಪೇತ್ರನು ಬಹು ದಿನಗಳ ವರೆಗೆ ತೊಗಲು ಹದಮಾಡುವ ಸೀಮೋನನ ಮನೆಯಲ್ಲಿ ಇಳಿದಿದ್ದನು. ಸತ್ತ ಪಶುಗಳ ತೊಗಲನ್ನು ಮುಟ್ಟುವ ಕೆಲಸವು ಯೆಹೂದ್ಯರಲ್ಲಿ ಹೀನವೆಂದು ಎಣಿಸಲ್ಪಟ್ಟಿತ್ತು. ಆ ಮನೆಯು ಊರಿನ ಅಂಚಿಗೆ, ಸಮುದ್ರದ ಬಳಿಯಲ್ಲಿತ್ತು. ಇಂಥ ಕೇರಿಗಳನ್ನು ನಾವೂ ನೋಡಿದ್ದೇವೆ. ನಮ್ಮಲ್ಲಿ ಅನೇಕರು ಅಂಥ ಕೇರಿಗಳಿಂದಲೇ ಬಂದವರು. ಅಪೊಸ್ತಲರಲ್ಲಿ ಮುಖ್ಯನಾದವನು ಅಲ್ಲಿ ಉಂಡನು, ಅಲ್ಲಿ ಮಲಗಿದನು, ಆ ಮಾಳಿಗೆಯ ಮೇಲೆಯೇ ಪ್ರಾರ್ಥನೆ ಮಾಡುತ್ತಿರುವಾಗ ದೇವರು ಅವನಿಗೆ ದರ್ಶನವನ್ನು ಕೊಟ್ಟು, ಯಾವ ಮನುಷ್ಯನನ್ನೂ ಹೊಲೆಯಾದವನೆಂದು ಹೇಳಬಾರದೆಂದು ಕಲಿಸಿದನು. ಆ ಪಾಠವು ಮುಗಿಯುವಷ್ಟರಲ್ಲಿ ಕೊರ್ನೇಲ್ಯನ ಕಡೆಯ ಅನ್ಯಜನರು ಬಾಗಿಲಲ್ಲಿ ನಿಂತಿದ್ದರು. ಪೇತ್ರನು ಅವರನ್ನು ಒಳಗೆ ಕರೆದು ಆ ರಾತ್ರಿ ಅಲ್ಲಿಯೇ ಇಳಿಸಿದನು. ತೊಗಲಿನ ಕೆಲಸದವನ ಮನೆಯಲ್ಲಿ ಯೆಹೂದ್ಯನಾದ ಅಪೊಸ್ತಲನೂ ರೋಮ್ ಸೈನ್ಯದ ಸಿಪಾಯಿಯೂ ಒಂದೇ ಸೂರಿನ ಕೆಳಗೆ ಮಲಗಿದರು. ಅನ್ಯಜನರಾದ ನಮಗೆ ಸುವಾರ್ತೆಯು ಬಂದದ್ದು ಈ ಬಾಗಿಲಿನ ಮೂಲಕ.

ಲೂಕನು ಸಮಾರ್ಯದವನ ಸಾಮ್ಯದಲ್ಲಿ ಛತ್ರಕ್ಕೆ ಉಪಯೋಗಿಸಿದ ಗ್ರೀಕ್ ಶಬ್ದವೂ ಇಲ್ಲಿ ಗಮನಿಸತಕ್ಕದ್ದು. ಅದನ್ನು ಬಿಡಿಸಿ ನೋಡಿದರೆ, ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ ಎಂಬ ಅರ್ಥವು ಹೊರಡುತ್ತದೆ. ಗಾಯಪಟ್ಟವನು ಯಾವ ಊರಿನವನೆಂದಾಗಲಿ, ಹಣ ಕೊಟ್ಟವನು ಸಮಾರ್ಯದವನೆಂದಾಗಲಿ ಛತ್ರದವನು ಆಕ್ಷೇಪಿಸಲಿಲ್ಲ. ಅವನು ಬಾಡಿಗೆಯನ್ನು ತೆಗೆದುಕೊಂಡನು, ಕುಲವನ್ನು ಕೇಳಲಿಲ್ಲ. ಈ ಕಾರಣದಿಂದಲೇ ಹಣಕ್ಕಾಗಿ ಕೆಲಸ ಮಾಡಿದ ಆ ಮನುಷ್ಯನೂ ಕರ್ತನ ಸಾಮ್ಯದಲ್ಲಿ ಸಹಾಯಕನಾಗಿ ನಿಂತಿದ್ದಾನೆ.

ನಮ್ಮ ದೇಶದ ಕಾಯಿದೆಯೂ ಇದನ್ನೇ ಬೇಡುತ್ತದೆ. 1950ನೆಯ ಜನವರಿ 26ರಿಂದ ಜಾರಿಗೆ ಬಂದ ರಾಜ್ಯಾಂಗವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾಯಿದೆಯು, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರುಳ್ಳದ್ದು, ಸಾರ್ವಜನಿಕರಿಗೆ ತೆರೆದಿರುವ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆ, ವಸತಿಗೃಹಗಳಲ್ಲಿ ಅಸ್ಪೃಶ್ಯತೆಯ ನೆಪದಿಂದ ಯಾರನ್ನಾದರೂ ತಡೆಯುವದನ್ನು ಶಿಕ್ಷೆಗೆ ಯೋಗ್ಯವಾದ ಅಪರಾಧವೆಂದು ಹೇಳುತ್ತದೆ. ಆದರೂ ಕಾಯಿದೆಯು ಹೊಸ್ತಿಲ ವರೆಗೆ ಬರಬಲ್ಲದು, ಮನಸ್ಸಿನೊಳಗೆ ಹೋಗಲಾರದು. ಕೋಣೆಯು ನಿನ್ನೆಯೇ ಭರ್ತಿಯಾಯಿತೆಂದು ಸುಳ್ಳು ಹೇಳುವವನನ್ನು ಪೋಲೀಸಿನವನು ಹಿಡಿಯಲಾರನು. ದೇವರು ಹಿಡಿಯುತ್ತಾನೆ.

ಇಲ್ಲಿ ನಾವು ಯಾರನ್ನೋ ದೂರುವದಕ್ಕಾಗಿ ಕೂತಿಲ್ಲ. ನಮ್ಮ ಮಕ್ಕಳು ಹಾವೇರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಓದಲು ಹೋದಾಗ, ಯಾವ ಪೈಕಿಯೆಂಬ ಪ್ರಶ್ನೆಯನ್ನು ಕೇಳಿ, ತಲೆ ತಗ್ಗಿಸಿ ಮೆಟ್ಟಲಿಳಿದು ಬರುವದುಂಟು. ಅವರು ಕಾಗದದಲ್ಲಿ ಬರೆಯದಿದ್ದರೂ ತಾಯಂದಿರಿಗೆ ತಿಳಿಯುತ್ತದೆ. ಆ ನೋವನ್ನು ಬಲ್ಲ ನಾವು ನಮ್ಮ ಹಳ್ಳಿಗೆ ಬಂದ ಇನ್ನೊಬ್ಬ ತಾಯಿಯ ಮಗನಿಗೆ ಅದನ್ನೇ ಮಾಡಬಹುದೋ? ಮುಸಲ್ಮಾನನೆಂದು, ಅಲೆಮಾರಿಯೆಂದು, ನಮಗಿಂತ ಕೆಳಗಿನ ಕೇರಿಯವನೆಂದು, ಬೇರೆ ಭಾಷೆಯವನೆಂದು, ಬೇರೆ ಪಂಗಡದ ಕ್ರೈಸ್ತನೆಂದು ಬಾಗಿಲನ್ನು ಓರೆಮಾಡಬಹುದೋ? ಇಸ್ರಾಯೇಲ್ಯರಿಗೆ ಮೋಶೆಯು ಪರದೇಶಿಯನ್ನು ಬಾಧಿಸಬಾರದೆಂದು ಆಜ್ಞಾಪಿಸಿದಾಗ ಕೊಟ್ಟ ಕಾರಣವು, ಅವರು ತಾವೇ ಐಗುಪ್ತದಲ್ಲಿ ಪರದೇಶಿಗಳಾಗಿದ್ದು ಪರದೇಶಿಯ ಮನಸ್ಸನ್ನು ಬಲ್ಲರೆಂಬದೇ. ತಿಳಿಯದವನು ಬಾಗಿಲನ್ನು ಮುಚ್ಚಿದರೆ ಒಂದು ಪಾಪ. ಹೊರಗೆ ನಿಂತು ತಿಳಿದವನು ಮುಚ್ಚಿದರೆ ಎರಡು ಪಾಪ.

ನಾಲ್ಕನೆಯದಾಗಿ, ಲೋಭದ ವಿಷಯ.

ಬಾಗಿಲನ್ನು ತೆರೆಯಲು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಾರಿಗರಿಂದ ಬರುವ ಹಣವು ದಿನದ ಲೆಕ್ಕದಲ್ಲಿ ಬರುವದರಿಂದ ತಿಂಗಳ ಬಾಡಿಗೆಗಿಂತ ಹೆಚ್ಚಾಗಿ ಕಾಣುತ್ತದೆ. ಆಗ ಮನುಷ್ಯನು ವರುಷಗಟ್ಟಲೆ ಇದ್ದ ಬಡ ಬಾಡಿಗೆಯವರನ್ನು ಹೊರಡಿಸಿ, 'ಪ್ರವಾಸಿಗಳಿಗೆ ಮಾತ್ರ' ಎಂಬ ಹಲಿಗೆಯನ್ನು ತೂಗಹಾಕಲು ಎಳಸುತ್ತಾನೆ. ಸ್ಪೇನ್ ದೇಶದ ಬಾರ್ಸೆಲೋನ ಪಟ್ಟಣದಲ್ಲಿ ಹೀಗೆ ಬಹು ಮನೆಗಳು ದಾರಿಗರ ಪಾಲಾಗಿ, ಊರಿನವರಿಗೆ ಮನೆ ಸಿಕ್ಕುವದು ಕಷ್ಟವಾಯಿತು. ಆದಕಾರಣ 2024ರಲ್ಲಿ ಅಲ್ಲಿಯ ಪುರಾಧ್ಯಕ್ಷನು 10,000ಕ್ಕೆ ಮಿಕ್ಕಿದ ಇಂಥ ಮನೆಗಳ ಪರವಾನಿಗೆಗಳನ್ನು 2028ರೊಳಗೆ ನಿಲ್ಲಿಸುವೆವೆಂದು ಪ್ರಕಟಿಸಿದನು. ನಮ್ಮ ಹಳ್ಳಿಗಳಿಗೂ ಬಾರ್ಸೆಲೋನಕ್ಕೂ ಬಹು ದೂರ; ಆದರೆ ಲೋಭಕ್ಕೆ ದೂರವಿಲ್ಲ. ಜಾತ್ರೆಯ ನಾಲ್ಕು ದಿನಗಳಲ್ಲಿ ಮುದಿ ತಾಯಿಯ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಸಾಗಿಸಿ ಅವಳ ಕೋಣೆಯನ್ನು ಬಾಡಿಗೆಗೆ ಕೊಡುವವನು, ಮಳೆಯಲ್ಲಿ ನೆನೆದು ಬಂದ ಕುಟುಂಬದಿಂದ ಇಮ್ಮಡಿ ಹಣವನ್ನು ಸುಲಿಯುವವನು, ಹೊರಗೆ ಅತಿಥಿಯೆಂದು ಕರೆದರೂ ಒಳಗೆ ಬೇಟೆಯೆಂದು ಎಣಿಸುತ್ತಾನೆ. ಮನೆಗೆ ಮನೆಯನ್ನು ಕೂಡಿಸುವವರ ಮೇಲೆ ಪ್ರವಾದಿಯಾದ ಯೆಶಾಯನು ಅಯ್ಯೋ ಎಂದು ಕೂಗಿದ್ದನ್ನು ಇಂಥವರು ಓದಲಿ. ಬಾಡಿಗೆಯ ದರವನ್ನು ಮೊದಲೇ ಹೇಳಿ, ಕಡೆಯ ವರೆಗೆ ಅದನ್ನೇ ತೆಗೆದುಕೊಳ್ಳುವದು ಕ್ರೈಸ್ತರ ಮನೆಯ ಗುರುತಾಗಿರಲಿ.

ಹೀಗಿರಲಾಗಿ, ಒಳ್ಳೇ ಮನೆಯವರ ಮಾದರಿಯು ಯಾವದು? ಶೂನೇಮ್ ಊರಿನ ಆ ಸ್ತ್ರೀಯನ್ನು ನೋಡಿರಿ. ಎಲೀಷನು ಆ ದಾರಿಯಲ್ಲಿ ಆಗಾಗ ಹೋಗುವದನ್ನು ಕಂಡು ಅವಳು ಗಂಡನ ಸಂಗಡ ಮಾತಾಡಿ, ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆಯನ್ನು ಮಾಡಿಸಿದಳು. ಅದರಲ್ಲಿ ಮಂಚ, ಮೇಜು, ಕುರ್ಚಿ, ದೀಪಸ್ತಂಭ ಈ ನಾಲ್ಕನ್ನು ಇಡಿಸಿದಳು. ಮಲಗಲು ಸ್ಥಳ, ಉಣ್ಣಲು ಸ್ಥಳ, ಕೂರಲು ಸ್ಥಳ, ಕತ್ತಲೆಗೆ ಬೆಳಕು. ದಾರಿಗನಿಗೆ ಬೇಕಾದದ್ದು ಇಷ್ಟೇ. ನಮ್ಮ ಹಳ್ಳಿಯ ಮನೆಗಳಲ್ಲಿಯೂ ಇಷ್ಟನ್ನು ಮಾಡಬಹುದು. ಇದಕ್ಕೆ ಕುಡಿಯಲು ಶುದ್ಧವಾದ ನೀರನ್ನೂ, ಶುಚಿಯಾದ ಬಚ್ಚಲನ್ನೂ ಪಾಯಖಾನೆಯನ್ನೂ ಕೂಡಿಸಿರಿ.

ಸವಣೂರಿನ ದೊಡ್ಡಹುಣಸೆಯ ಮರಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಹತ್ತು ಮಂದಿ ಕೈಹಿಡಿದು ನಿಂತರೂ ತಬ್ಬಲು ಕಷ್ಟವಾದ ಆ ಮರಗಳ ಜಾತಿಯು ನಮ್ಮ ದೇಶದ್ದಲ್ಲ, ಆಫ್ರಿಕ ಖಂಡದ್ದು. ಯಾರೋ ಬೀಜವನ್ನು ತಂದರು; ಈ ನೆಲವು ಅದರ ಕುಲವನ್ನು ಕೇಳದೆ ಬೇರೂರಲು ಸ್ಥಳ ಕೊಟ್ಟಿತು; ಜನರು ಅದಕ್ಕೆ ತಮ್ಮ ಹುಣಸೆಯ ಹೆಸರನ್ನೇ ಕೊಟ್ಟರು. ಈಗ ಅದು ಸವಣೂರಿಗೆ ಗುರುತಾಗಿದೆ. ಮಣ್ಣು ಪರದೇಶಿಗೆ ತೋರಿಸಿದ ದಯೆಯನ್ನು ಮನುಷ್ಯರಾದ ನಾವು ತೋರಿಸಲಾರೆವೋ?

ಆದದರಿಂದ ಪ್ರಿಯರೇ, ನಿಮ್ಮ ಮನೆಯಲ್ಲಿ ಒಂದು ಕೋಣೆ ಹೆಚ್ಚಾಗಿದ್ದರೆ ಮನೆಮಂದಿಯೆಲ್ಲರೂ ಕೂತು ಆಲೋಚಿಸಿರಿ. ಗಂಡನು ಹೆಂಡತಿಯನ್ನು ಕೇಳದೆ ಕೊಡಬಾರದು, ಯಾಕಂದರೆ ನೀರು ಹೊರುವವಳೂ ರೊಟ್ಟಿ ಬಡಿಯುವವಳೂ ಅವಳೇ. ಬಂದ ಹಣದಲ್ಲಿ ಅವಳಿಗೂ ಪಾಲಿರಲಿ. ಕಾಯಿದೆಯ ಪ್ರಕಾರ ಬರೆಯತಕ್ಕದ್ದನ್ನು ಬರೆಯಿರಿ. ಬಾಡಿಗೆಯನ್ನು ನ್ಯಾಯವಾಗಿ ಕೇಳಿರಿ. ಹೆಸರನ್ನು ಕೇಳಿರಿ, ಊರನ್ನು ಕೇಳಿರಿ, ಹಸಿವಾಗಿದೆಯೋ ಎಂದು ಕೇಳಿರಿ. ಆ ಒಂದು ಪ್ರಶ್ನೆಯನ್ನು ಮಾತ್ರ ಕೇಳಬೇಡಿರಿ. ಅದು ನಾಲಿಗೆಯ ತುದಿಗೆ ಬಂದರೂ ನುಂಗಿಬಿಡಿರಿ. ಅದನ್ನು ನುಂಗುವದರಿಂದ ಯಾರೂ ಸತ್ತಿಲ್ಲ, ಅದನ್ನು ಆಡಿದ್ದರಿಂದ ಅನೇಕರು ರಾತ್ರಿಯೆಲ್ಲಾ ಬೀದಿಯಲ್ಲಿ ಕಳೆದಿದ್ದಾರೆ.

ನಮ್ಮ ರಕ್ಷಕನು ಹುಟ್ಟಿದ ರಾತ್ರಿ ಆತನ ತಾಯಿಗೆ ಬೇತ್ಲೆಹೇಮಿನಲ್ಲಿ ಸ್ಥಳ ಸಿಕ್ಕಲಿಲ್ಲ. ಆ ಊರಿನಲ್ಲಿ ಯಾರು ಇಲ್ಲವೆಂದರೋ ಅವರ ಹೆಸರು ಬರೆಯಲ್ಪಟ್ಟಿಲ್ಲ. ಕಡೆಯ ದಿನದಲ್ಲಿ ಆತನು ಸಿಂಹಾಸನದ ಮೇಲೆ ಕೂತು, ಪರದೇಶಿಯಾಗಿದ್ದ ತನ್ನನ್ನು ಸೇರಿಸಿಕೊಂಡವರನ್ನೂ ಸೇರಿಸಿಕೊಳ್ಳದವರನ್ನೂ ಬೇರೆ ಬೇರೆಯಾಗಿ ನಿಲ್ಲಿಸುವನೆಂದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ತಿಳಿಸುತ್ತದೆ. ಅಲ್ಲಿ ಆತನು ನಮ್ಮ ಕುಲವನ್ನು ವಿಚಾರಿಸುವದಿಲ್ಲ. ನಮ್ಮ ಬಾಗಿಲನ್ನು ವಿಚಾರಿಸುವನು. ಹಾನಗಲ್ಲಿನಲ್ಲಾಗಲಿ ಶಿಗ್ಗಾವಿಯಲ್ಲಾಗಲಿ, ಸವಣೂರಲ್ಲಾಗಲಿ ಹಿರೇಕೆರೂರಲ್ಲಾಗಲಿ, ಕಡೆಯ ಬಸ್ಸಿನಿಂದ ಇಳಿದವನೊಬ್ಬನು ಕೈಯಲ್ಲಿ ಚೀಲ ಹಿಡಿದು ನಿಮ್ಮ ಕಟ್ಟೆಯ ಮುಂದೆ ನಿಂತಾಗ, ದೀಪವನ್ನು ಹಿಡಿದು ಅವನ ಮುಖವನ್ನು ನೋಡಿರಿ. ಕರ್ತನು ನಮ್ಮೆಲ್ಲರಿಗೂ ತೆರೆದ ಬಾಗಿಲನ್ನೂ ಎಚ್ಚರವುಳ್ಳ ಮನಸ್ಸನ್ನೂ ದಯಪಾಲಿಸಲಿ. ಆಮೆನ್.